ಫೋರ್ಕ್ ಹಿಡಿಸಲು ಹೋದ ಆರು ವಾರ

"ಪೋಷಕರ ಸಹಕಾರ ಕಡಿಮೆ. ಹೇಳಿಕೊಟ್ಟದ್ದನ್ನು ಮನೆಯಲ್ಲಿ ಪಾಲಿಸುತ್ತಿಲ್ಲ."

2022ರ ಬೇಸಿಗೆಯಲ್ಲಿ ಒಂದು ಮಗುವಿನ ಕಡತದಲ್ಲಿ ನಾನೇ ಬರೆದ ಸಾಲುಗಳಿವು. ಬರೆಯುವಾಗ ಕೈ ತಡೆಯಲಿಲ್ಲ. ನಮ್ಮ ವೃತ್ತಿಯಲ್ಲಿ ಕಡತಕ್ಕೆ ಒಮ್ಮೆ ಸೇರಿದ್ದನ್ನು ಅಳಿಸುವಂತಿಲ್ಲ, ಕೆಳಗೆ ತಿದ್ದುಪಡಿ ಸೇರಿಸಬಹುದು ಅಷ್ಟೆ. ಸೇರಿಸಿದ್ದೇನೆ. ಆದರೂ ಮೇಲಿನ ಸಾಲುಗಳು ಅಲ್ಲೇ ಇವೆ, ನನ್ನ ಸಹಿಯ ಸಮೇತ.

ನಾನು ಶಿವಮೊಗ್ಗದ ಕಡೆಯವಳು. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ, ಫ್ರೆಸ್ನೊ ಸುತ್ತಮುತ್ತಲಿನ ಊರುಗಳಲ್ಲಿ, ಆಟಿಸಂ ಇರುವ ಮಕ್ಕಳೊಂದಿಗೆ ವರ್ತನಾ ವಿಶ್ಲೇಷಕಿಯಾಗಿ ಕೆಲಸ ಮಾಡುತ್ತೇನೆ. ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ ಎಂಬ ಉದ್ದದ ಹೆಸರನ್ನು ನಾವು ಎಬಿಎ ಎಂದು ಮೊಟಕು ಮಾಡಿಕೊಂಡಿದ್ದೇವೆ. ಒಂದು ವರ್ತನೆಗೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು, ಇವನ್ನು ನೋಡಿ, ಎಣಿಸಿ, ಅದರ ಆಧಾರದ ಮೇಲೆ ಹೊಸದನ್ನು ಕಲಿಸುವುದು ನಮ್ಮ ಕಸುಬು. ಎಣಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಏನನ್ನು ಎಣಿಸಬೇಕು ಎಂಬಲ್ಲಿಯೇ ನಾನು ಎಡವಿದ್ದು.

ಈ ಕಣಿವೆಯ ದ್ರಾಕ್ಷಿ, ಬಾದಾಮಿ, ಕಿತ್ತಳೆಯನ್ನು ಕೊಯ್ಯುವ ಕೈಗಳಲ್ಲಿ ಬಹುಪಾಲು ಮೆಕ್ಸಿಕೊ ಮೂಲದವರದು. 1965ರಲ್ಲಿ ದ್ರಾಕ್ಷಿ ತೋಟದ ಕೂಲಿಗಾರರ ಮುಷ್ಕರ ನಡೆದ ಡೆಲಾನೊ ಊರು ಇಲ್ಲಿಂದ ಒಂದೂವರೆ ಗಂಟೆಯ ದಾರಿ. 2014ರ ಸೆಪ್ಟೆಂಬರಿನಿಂದ ಬಡವರ ಸರ್ಕಾರಿ ವಿಮೆಯಾದ ಮೆಡಿ-ಕ್ಯಾಲ್ ಎಬಿಎ ಖರ್ಚನ್ನು ಭರಿಸತೊಡಗಿದ ಮೇಲೆ ಹೊಲಗೆಲಸದವರ ಮನೆಗಳ ಬಾಗಿಲು ನಮಗೆ ತೆರೆಯಿತು. ಅದಕ್ಕೂ ಮುಂಚೆ ಈ ಮಕ್ಕಳು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎಂಟು ವರ್ಷದ ಸಾವಿರ ಹಿಸ್ಪಾನಿಕ್, ಎಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದ, ಮಕ್ಕಳಲ್ಲಿ ಸುಮಾರು 32 ಮಕ್ಕಳಿಗೆ ಆಟಿಸಂ ಗುರುತಾಗಿದೆ. ಬಿಳಿಯರಲ್ಲಿ ಸುಮಾರು 24. ಎಷ್ಟೋ ವರ್ಷ ಈ ಅಂಕಿಗಳು ತಿರುಗುಮುರುಗಾಗಿದ್ದವು. ಆಟಿಸಂ ಇರಲಿಲ್ಲವೆಂದಲ್ಲ, ಗುರುತಿಸುವವರು ಅವರ ಮನೆಯವರೆಗೆ ಹೋಗಿರಲಿಲ್ಲ. ಈಗ ಹೋಗುತ್ತಿದ್ದೇವೆ. ಹೇಗೆ ಹೋಗುತ್ತಿದ್ದೇವೆ ಎಂಬುದು ಬೇರೆ ಮಾತು.

ಮಗುವಿನ ಹೆಸರು ಬೇಡ. ಮನೆಯವರ ಗುರುತು ಸಿಗದಂತೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅಜ್ಜಿ ಅವನನ್ನು 'ಮಿಹೊ' ಎಂದು ಕರೆಯುತ್ತಿದ್ದರು. 'ನನ್ನ ಮಗ' ಎಂಬ ಎರಡು ಪದಗಳು ಬಾಯಲ್ಲಿ ಸವೆದು ಒಂದಾದದ್ದು ಅದು, ನಮ್ಮ 'ಕಂದಾ' ಇದ್ದ ಹಾಗೆ. ನಾನೂ ಹಾಗೇ ಕರೆಯುತ್ತೇನೆ. ಮಿಹೊಗೆ ಆಗ ಐದು ವರ್ಷ. ಮಾತು ಬಂದಿರಲಿಲ್ಲ. ಚಿತ್ರ ಒತ್ತಿದರೆ ಪದ ನುಡಿಯುವ ಟ್ಯಾಬ್ಲೆಟ್ ಒಂದನ್ನು ಕೊಟ್ಟಿದ್ದೆವು. ತಂದೆ ಬೆಳಗಿನ ಜಾವ ಕತ್ತಲೆಯಲ್ಲೇ ತೋಟಕ್ಕೆ ಹೋಗುತ್ತಿದ್ದರು. ಇಲ್ಲಿಯ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಲೇಬೇಕು. ತಾಯಿ ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ. ಹಗಲು ಹೊತ್ತಿನಲ್ಲಿ ಮನೆ ಎಂದರೆ ಅಜ್ಜಿ, ಹನ್ನೊಂದು ವರ್ಷದ ಅಕ್ಕ, ಮಿಹೊ.

ಮೌಲ್ಯಮಾಪನದ ಪಟ್ಟಿಯಲ್ಲಿ 'ಫೋರ್ಕ್ ಬಳಸಿ ತಿನ್ನುತ್ತಾನೆಯೇ' ಎಂಬ ಪ್ರಶ್ನೆಗೆ ಉತ್ತರ 'ಇಲ್ಲ' ಎಂದು ಬಂತು. ಇಲ್ಲ ಎಂದು ಬಂದದ್ದನ್ನೆಲ್ಲ ಗುರಿಯಾಗಿ ಬರೆಯುವುದು ನಮ್ಮಲ್ಲಿ ಬೆರಳಿಗೆ ಅಂಟಿಕೊಂಡ ಅಭ್ಯಾಸ. ಬರೆದೆ: ಊಟದಲ್ಲಿ ನೂರಕ್ಕೆ ಎಂಬತ್ತು ತುತ್ತುಗಳನ್ನು ಫೋರ್ಕಿನಿಂದ, ಯಾರ ಸಹಾಯವೂ ಇಲ್ಲದೆ, ಸತತ ಮೂರು ಭೇಟಿಗಳಲ್ಲಿ. ಹಿಡಿಕೆ ದಪ್ಪಗಿರುವ ಮಕ್ಕಳ ಫೋರ್ಕುಗಳ ಪೊಟ್ಟಣವನ್ನು ಕೊಂಡುಕೊಂಡು ಹೋದೆ. ಅಜ್ಜಿ ಬಾಯಿಗೆ ತುತ್ತಿಡುವುದು ನಿಲ್ಲಬೇಕು, ಮಗು ಸ್ವತಂತ್ರವಾಗಬೇಕು ಎಂದು ಅಕ್ಕನ ಕೈಯಲ್ಲಿ ಅಜ್ಜಿಗೆ ಹೇಳಿಸಿದೆ. ಅಜ್ಜಿ ನಗುತ್ತಾ "ಸೀ, ಸೀ" ಎಂದರು. ಸಂಜೆ ಕೆಲಸದಿಂದ ಬಂದ ತಾಯಿಯೂ "ಸೀ, ಸೀ, ಗ್ರಾಸಿಯಾಸ್" ಎಂದರು. ಹೌದು, ಹೌದು, ಧನ್ಯವಾದ.

ಮುಂದಿನ ವಾರ ಹೋದರೆ ಫೋರ್ಕಿನ ಪೊಟ್ಟಣ ಬಿಚ್ಚಿರಲಿಲ್ಲ. ಅದರ ಮುಂದಿನ ವಾರವೂ ಅಷ್ಟೆ. ಮನೆಯವರು ತುಂಬಬೇಕಿದ್ದ ಡೇಟಾ ಹಾಳೆ ಖಾಲಿ. ಮಿಹೊ ಅಜ್ಜಿಯ ಮಡಿಲಿಗೆ ಒರಗಿ, ಅಜ್ಜಿ ಹರಿದ ತೊರ್ತಿಯಾ (ಅವರ ತೆಳು ರೊಟ್ಟಿ) ತುಂಡಿನಲ್ಲಿ ಎತ್ತಿ ಕೊಟ್ಟ ಬೀನ್ಸ್ ಕಾಳನ್ನು ತಿನ್ನುತ್ತಿದ್ದ. ನಾನು ಮತ್ತೆ ಹೇಳಿದೆ. ಅವರು ಮತ್ತೆ ಸೀ ಎಂದರು. ಆರನೆಯ ವಾರ ಮೇಲಿನ ಆ ಸಾಲುಗಳನ್ನು ಬರೆದೆ.

ಅದೇ ತಿಂಗಳು ನಮ್ಮ ಸಂಸ್ಥೆಯಲ್ಲಿ ಸಾಂಸ್ಕೃತಿಕ ಸೂಕ್ಷ್ಮತೆಯ ಬಗ್ಗೆ ಆನ್‌ಲೈನ್ ತರಬೇತಿ ನಡೆಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ಪರದೆಯ ಮೇಲೆ ಒಂದೊಂದೇ ಪದ ಬಂತು. ಫಮಿಲಿಸ್ಮೊ, ಎಂದರೆ ಕುಟುಂಬವೇ ಮೊದಲು. ರೆಸ್ಪೆತೊ, ಎಂದರೆ ಹಿರಿಯರಿಗೆ, ಸ್ಥಾನಕ್ಕೆ ಮರ್ಯಾದೆ. ಪೆರ್ಸೊನಾಲಿಸ್ಮೊ, ಎಂದರೆ ಹುದ್ದೆಗಿಂತ ಮನುಷ್ಯ ಸಂಬಂಧ ಮುಖ್ಯ. ಸಿಂಪತಿಯಾ, ಎಂದರೆ ಮುಖ ಕೆಡಿಸಿಕೊಳ್ಳದೆ ಹಿತವಾಗಿ ನಡೆದುಕೊಳ್ಳುವುದು. ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದೆ. ಕೊನೆಯ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು. ಮನಸ್ಸಿನಲ್ಲಿ ಸ್ವಲ್ಪ ಜಂಬವೂ ಇತ್ತು: ಭಾರತದವಳಿಗೆ ಇದನ್ನೆಲ್ಲ ಹೇಳಿಕೊಡಬೇಕೇ? ಕೂಡು ಕುಟುಂಬ, ಹಿರಿಯರ ಮುಂದೆ ತಗ್ಗಿದ ದನಿ, ಇವು ನಮ್ಮ ಮನೆಯ ಮಾತೇ ಅಲ್ಲವೇ? ಪ್ರಮಾಣಪತ್ರ ಇಳಿಸಿಕೊಂಡು ಮರುದಿನ ಬೆಳಿಗ್ಗೆ ಫೋರ್ಕ್ ಹಿಡಿದು ಮಿಹೊ ಮನೆಗೆ ಹೋದೆ.

ತಪ್ಪು ಹೊರಬಿದ್ದದ್ದು ದುಭಾಷಿಯಿಂದ. ಅಲ್ಲಿಯವರೆಗೆ ನಮಗೆ ದುಭಾಷಿ ಇರಲಿಲ್ಲ. ಹನ್ನೊಂದು ವರ್ಷದ ಅಕ್ಕನೇ ಅನುವಾದಿಸುತ್ತಿದ್ದಳು. ಇದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಇಲ್ಲಿಯ ಆರೋಗ್ಯ ಸೇವೆಯ ನಿಯಮಗಳ ಪ್ರಕಾರ, ತುರ್ತು ಸಂದರ್ಭ ಬಿಟ್ಟರೆ ಅಪ್ರಾಪ್ತ ಮಕ್ಕಳಿಂದ ಅನುವಾದ ಮಾಡಿಸುವಂತಿಲ್ಲ. ದುಭಾಷಿಯ ವ್ಯವಸ್ಥೆ ಮಾಡಬೇಕಾದವರು ಮಾಡಲಿಲ್ಲ, ಪಟ್ಟುಹಿಡಿದು ಕೇಳಬೇಕಾದ ನಾನೂ ಕೇಳಲಿಲ್ಲ. ಹುಡುಗಿ ಚುರುಕಾಗಿದ್ದಳು, ಕೆಲಸ ನಡೆಯುತ್ತಿತ್ತು. ಏಳನೆಯ ವಾರ ಮರುಮೌಲ್ಯಮಾಪನಕ್ಕೆಂದು ಕೊನೆಗೂ ಒಬ್ಬರು ವೃತ್ತಿಪರ ದುಭಾಷಿ ಬಂದರು. ಮೆಕ್ಸಿಕೊದ ಮಿಚೊಅಕಾನ್ ಪ್ರಾಂತ್ಯದಲ್ಲಿ ಹುಟ್ಟಿ ಬೆಳೆದ, ನಡುವಯಸ್ಸಿನ ಹೆಂಗಸು. ನಾನು ಯಥಾಪ್ರಕಾರ, "ಊಟ ಮಾಡಿಸುವ ಬಗ್ಗೆ ಹೋದ ವಾರ ಮಾತಾಡಿದೆವಲ್ಲ, ಹೇಗೆ ನಡೆಯುತ್ತಿದೆ" ಎಂದು ಅಜ್ಜಿಯನ್ನು ಕೇಳಿಸಿದೆ. ಅಜ್ಜಿಯ ಮುಖ ಅರಳಿತು. ಅವರು ಹೇಳಿದ್ದನ್ನು ಕೇಳಿ ದುಭಾಷಿ ಒಂದು ಕ್ಷಣ ನನ್ನ ಮುಖ ನೋಡಿದರು. "ಅಡುಗೆಯನ್ನು ಹೊಗಳಿದ್ದಕ್ಕೆ ನಿಮಗೆ ಧನ್ಯವಾದ ಹೇಳುತ್ತಿದ್ದಾರೆ" ಎಂದರು.

ಅಕ್ಕ ತಲೆ ಬಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು.

ಆಮೇಲೆ ವಿಷಯ ತಿಳಿಯಿತು. 'ನೀವು ಮಗುವಿಗೆ ಉಣಿಸುವುದು ತಪ್ಪು' ಎಂದು ಹನ್ನೊಂದು ವರ್ಷದ ಮೊಮ್ಮಗಳು ತನ್ನ ಅಜ್ಜಿಗೆ ಹೇಗೆ ಹೇಳಬೇಕು? ಹೊರಗಿನಿಂದ ಬಂದ ಒಬ್ಬ ಹೆಂಗಸಿನ ಎದುರು? ಹೇಳಿರಲಿಲ್ಲ. ಮೊದಲ ದಿನ "ನಿಮ್ಮ ಅಡುಗೆ ಚೆನ್ನಾಗಿದೆಯಂತೆ" ಎಂದಳು. ಎರಡನೆಯ ವಾರ "ತಮ್ಮ ಚೆನ್ನಾಗಿ ಊಟ ಮಾಡುತ್ತಾನಂತೆ" ಎಂದಳು. ಆರು ವಾರ ನಾನು ಕೊಟ್ಟ ತರಬೇತಿಯೆಲ್ಲ ಆ ಮನೆಯಲ್ಲಿ ಹೊಗಳಿಕೆಯಾಗಿ ಹೋಗಿತ್ತು. ರೆಸ್ಪೆತೊ ಎಂಬ ಪದಕ್ಕೆ ನಾನು ಪರೀಕ್ಷೆಯಲ್ಲಿ ಸರಿ ಗುರುತು ಹಾಕಿದ್ದೆ; ಅದನ್ನು ಆಚರಿಸಿದವಳು ಆ ಹುಡುಗಿ.

ಇದು ಅಜ್ಜಿಯ 'ಸೀ' ಕಥೆ. ತಾಯಿಯದು ಬೇರೆ. ತಾಯಿಗೆ ಇಂಗ್ಲಿಷ್ ಸುಮಾರಾಗಿ ಅರ್ಥವಾಗುತ್ತಿತ್ತು. ನಾನು ಹೇಳಿದ್ದು ತಲುಪಿತ್ತು, ಒಪ್ಪಿಗೆಯಾಗಿರಲಿಲ್ಲ. ಅಂದು ಸಂಜೆ ಕಾರಿನ ಬಳಿ ನಿಂತು ದುಭಾಷಿ ಹೇಳಿದರು: "ಅವರು ಸೀ ಎಂದದ್ದು ನಿಮ್ಮ ಮಾತಿಗಲ್ಲ, ನಿಮಗೆ. ಇಷ್ಟು ಓದಿದವರು, ಇಷ್ಟು ದೂರದಿಂದ ಬಂದು ಹೇಳುತ್ತಿದ್ದಾರೆ, ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದು ಹೇಗೆ?"

ನಾನು ಉತ್ತರ ಕೊಡಲಿಲ್ಲ, ಕೊಡಲು ಇರಲಿಲ್ಲ. ನನ್ನ ಅಮ್ಮ ಊರಿನ ಡಾಕ್ಟರ ಎದುರು ಕೈಕಟ್ಟಿ ಕೂತು "ಆಯಿತು ಡಾಕ್ಟ್ರೇ, ಹಾಗೇ ಮಾಡುತ್ತೇನೆ" ಎಂದು, ಹೊರಗೆ ಬಂದವಳೇ ಆ ಮಾತ್ರೆಯ ಚೀಟಿಯನ್ನು ಪರ್ಸಿನ ಮೂಲೆಗೆ ಸೇರಿಸುತ್ತಿದ್ದುದನ್ನು ಬಾಲ್ಯವಿಡೀ ನೋಡಿದವಳು ನಾನು. ಆ 'ಆಯಿತು' ಏನೆಂದು ನನಗೆ ಯಾವ ತರಬೇತಿಯೂ ಹೇಳಿಕೊಡಬೇಕಿರಲಿಲ್ಲ. ಎಲ್ಲಿ ಮರೆತೆ? ಎಲ್ಲೋ ಸ್ನಾತಕೋತ್ತರ ಓದು, ಪ್ರಮಾಣಪತ್ರ, ಲ್ಯಾಪ್‌ಟಾಪ್‌ಗಳ ನಡುವೆ ಮೇಜಿನ ಈಚೆ ಬದಿಗೆ ಬಂದು ಕೂತಿದ್ದೆ. ಡಾಕ್ಟರ ಕುರ್ಚಿಯಿಂದ ನೋಡಿದರೆ ಆ 'ಆಯಿತು' ಒಪ್ಪಿಗೆಯ ಹಾಗೇ ಕಾಣುತ್ತದೆ.

ಫೋರ್ಕಿನ ವಿಷಯಕ್ಕೆ ಬರುತ್ತೇನೆ. ಆ ರಾತ್ರಿ ಮನೆಗೆ ಬಂದು ಅನ್ನ ಸಾರು ಕಲಸಿಕೊಂಡು ಉಣ್ಣುತ್ತಿದ್ದೆ. ಕೈಯಲ್ಲಿ. ಅರ್ಧ ಊಟದಲ್ಲಿ ಕೈ ನಿಂತಿತು. ನನ್ನ ಮನೆಯಲ್ಲಿ ನಾನೇ ಫೋರ್ಕ್ ಮುಟ್ಟುವುದಿಲ್ಲ, ಐದು ವರ್ಷದ ಮಗುವಿಗೆ ಅದು ಬಾರದಿರುವುದು ಕೊರತೆ ಎಂದು ಬರೆದಿದ್ದೇನೆ! ಆ ಮನೆಯಲ್ಲಿ ಬೀನ್ಸ್ ಕಾಳು, ಮಾಂಸದ ಗೊಜ್ಜು, ಮೊಟ್ಟೆ ಎಲ್ಲವೂ ತೊರ್ತಿಯಾ ತುಂಡಿನಿಂದಲೇ ಬಾಯಿಗೆ ಹೋಗುತ್ತವೆ. ತಂದೆಯ ಕೈಯಲ್ಲೂ ಫೋರ್ಕ್ ಕಂಡಿರಲಿಲ್ಲ. ಮಿಹೊಗೆ ಫೋರ್ಕ್ ಕಲಿಸಿದ್ದರೆ ಆ ಇಡೀ ಪಂಕ್ತಿಯಲ್ಲಿ ಫೋರ್ಕ್ ಹಿಡಿದವನು ಅವನೊಬ್ಬನೇ ಆಗುತ್ತಿದ್ದ. ಸ್ವಾತಂತ್ರ್ಯದ ಹೆಸರಿನಲ್ಲಿ ನಾನು ಅವನನ್ನು ಊಟದ ಮೇಜಿನಲ್ಲಿ ಬೇರೆ ಮಾಡಲು ಹೊರಟಿದ್ದೆ.

ನಮ್ಮ ಶಾಸ್ತ್ರದಲ್ಲೇ ಇದಕ್ಕೆ ಮದ್ದು ಇದೆ, ಹೊಸದೇನಲ್ಲ. 1978ರಲ್ಲಿ ಮಾಂಟ್ರೋಸ್ ವುಲ್ಫ್ ಎಂಬ ಹಿರಿಯ ಸಂಶೋಧಕರು ಸಾಮಾಜಿಕ ಸಿಂಧುತ್ವದ ಬಗ್ಗೆ ಒಂದು ಲೇಖನ ಬರೆದರು. ನೀವು ಇಟ್ಟ ಗುರಿ, ಅದಕ್ಕೆ ಹಿಡಿದ ದಾರಿ, ಬಂದ ಫಲ, ಈ ಮೂರೂ ಆ ಜನಕ್ಕೆ ಬೇಕಾದದ್ದೇ ಎಂದು ಅವರನ್ನೇ ಕೇಳಿ ಎಂಬುದು ಅದರ ತಿರುಳು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. 2022ರ ಜನವರಿ 1ರಿಂದ ಜಾರಿಗೆ ಬಂದ ನಮ್ಮ ನೀತಿಸಂಹಿತೆಯಂತೂ ಸಾಂಸ್ಕೃತಿಕ ಸ್ಪಂದನೆಗೆ ಪ್ರತ್ಯೇಕ ನಿಯಮವನ್ನೇ ಇಟ್ಟಿದೆ. ಮೊದಲು ನಿನ್ನ ಪೂರ್ವಗ್ರಹವನ್ನು ನೋಡಿಕೋ ಎನ್ನುತ್ತದೆ. ಕೇಳುವುದೇನೋ ನಾನೂ ಕೇಳಿದ್ದೆ: "ಈ ಗುರಿ ನಿಮಗೆ ಒಪ್ಪಿಗೆಯೇ?" ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಶ್ನೆಯನ್ನು ಸಿಂಪತಿಯಾ ಇರುವ ಮನೆಯಲ್ಲಿ ಕೇಳಿದರೆ ಒಂದೇ ಉತ್ತರ ಬರುತ್ತದೆ. ತಪ್ಪು ಪ್ರಶ್ನೆಯದು.

ಎಂಟನೆಯ ವಾರ ಲ್ಯಾಪ್‌ಟಾಪ್ ತೆಗೆಯದೆ ಕೂತೆ. ಮಾತು ಅಂದರೆ ಅಲ್ಲಿ 'ಪ್ಲಾತಿಕಾ': ಕೆಲಸದ ಮಾತಿಗೆ ಮುಂಚಿನ ಲೋಕಾಭಿರಾಮ. ನಿಮ್ಮ ತಾಯಿ ಹೇಗಿದ್ದಾರೆ, ಊರಿನಲ್ಲಿ ಮಳೆಯಾಯಿತೇ, ಮಕ್ಕಳೆಷ್ಟು. ವಿಮೆಯವರು ನಮಗೆ ಹಣ ಕೊಡುವುದು ಹದಿನೈದು ನಿಮಿಷದ ತುಣುಕುಗಳ ಲೆಕ್ಕದಲ್ಲಿ. ಮಗುವಿಗೆ ಕಲಿಸಿದ್ದಕ್ಕೊಂದು ಸಂಕೇತ ಸಂಖ್ಯೆ, ಪೋಷಕರಿಗೆ ತಿಳಿಸಿದ್ದಕ್ಕೊಂದು. ಲೋಕಾಭಿರಾಮಕ್ಕೆ ಸಂಖ್ಯೆ ಇಲ್ಲ. ಆ ಕಾರಣಕ್ಕೇ ನಾನು ಅದುವರೆಗೆ ಬಾಗಿಲು ದಾಟಿದ ಕೂಡಲೇ ಟೈಮರ್ ಒತ್ತುತ್ತಿದ್ದೆ. ಅಂದು ಒತ್ತಲಿಲ್ಲ, ಆ ಇಪ್ಪತ್ತು ನಿಮಿಷ ನನ್ನ ಲೆಕ್ಕಕ್ಕೇ ಹಾಕಿಕೊಂಡೆ. ಅಜ್ಜಿಯನ್ನು ಇಷ್ಟು ದಿನ 'ತೂ' ಎಂದು ಏಕವಚನದಲ್ಲಿ ಮಾತಾಡಿಸುತ್ತಿದ್ದೆ ಎಂಬುದೂ ಅಂದೇ ತಿಳಿಯಿತು. ಮೊಬೈಲ್ ಆಪ್‌ನಲ್ಲಿ ಕಲಿತ ನನ್ನ ಹರಕು ಸ್ಪ್ಯಾನಿಷ್ ಮರ್ಯಾದೆಯ 'ಉಸ್ತೆದ್'ವರೆಗೆ ಬಂದಿರಲಿಲ್ಲ. ಅಜ್ಜಿ ಮಾತ್ರ ನನ್ನನ್ನು ಮೊದಲ ದಿನದಿಂದಲೂ ಉಸ್ತೆದ್ ಎಂದೇ ಕರೆದಿದ್ದರು. ಎಪ್ಪತ್ತು ದಾಟಿದ ಹಿರಿಯರನ್ನು ಅವರದೇ ಮನೆಯಲ್ಲಿ "ನೀನು ಬಾ, ನೀನು ಕೂತುಕೋ" ಎಂದ ಹಾಗಾಗಿತ್ತು. ನಮ್ಮೂರಿನಲ್ಲಾಗಿದ್ದರೆ ಅಮ್ಮ ತಲೆಗೊಂದು ಕೊಡುತ್ತಿದ್ದಳು.

ಆಮೇಲೆ ತಾಯಿಯನ್ನು ಬೇರೆ ಥರ ಕೇಳಿಸಿದೆ. ಒಪ್ಪಿಗೆಯೇ ಎಂದಲ್ಲ. "ಮೊನ್ನೆ ಯಾವುದಾದರೂ ಮನೆ ಸಮಾರಂಭಕ್ಕೆ ಹೋಗಿದ್ದಿರಾ? ಮಿಹೊ ಹೇಗಿದ್ದ?"

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಸಮನೆ ಮಾತಾಡಿದರು. ಅಣ್ಣನ ಮಗಳ ಕಿನ್ಸೆಆನ್ಯೆರಾ ಇತ್ತು, ಎಂದರೆ ಹದಿನೈದು ತುಂಬಿದ ಹುಡುಗಿಯ ಹಬ್ಬ. ನಮ್ಮ ಸಣ್ಣ ಮದುವೆಯಷ್ಟು ಖರ್ಚಾಗುತ್ತದೆ. ಅಲ್ಲಿ ಬಾಗಿಲು ದಾಟಿದ ಪ್ರತಿ ಮಗುವೂ ಪ್ರತಿ ಹಿರಿಯರ ಬಳಿ ಹೋಗಿ, ಕೆನ್ನೆಗೆ ಕೆನ್ನೆ ತಾಗಿಸಿ ನಮಸ್ಕಾರ ಹೇಳಬೇಕು. ಮಿಹೊ ಮೇಜಿನ ಕೆಳಗೆ ಹೋಗಿ ಕೂತ. ಯಾರೋ ಒಬ್ಬರು "ಮಾಲ್ ಎದುಕಾದೊ" ಎಂದರು. ಪದಕೋಶ ನೋಡಿದರೆ 'ಸರಿಯಾಗಿ ಶಿಕ್ಷಣ ಪಡೆಯದವನು' ಎಂದಾಗುತ್ತದೆ, ಆದರೆ ಅದಕ್ಕೂ ಶಾಲೆಗೂ ಸಂಬಂಧವಿಲ್ಲ. ಅಲ್ಲಿ 'ಎದುಕಾಸಿಯೋನ್' ಎಂದರೆ ಮನೆಯಲ್ಲಿ ಕಲಿತ ನಡತೆ, ಸಂಸ್ಕಾರ. 'ಸಂಸ್ಕಾರವಿಲ್ಲದ ಹುಡುಗ' ಎಂದರೆ ಬೈಗುಳ ಹುಡುಗನಿಗಲ್ಲ, ಹೆತ್ತವಳಿಗೆ. ತಾಯಿ ಹೇಳಿದ್ದು ಇಷ್ಟು: "ಅವನು ಹೇಗಾದರೂ ತಿನ್ನಲಿ. ಮನೆಗೆ ಬಂದವರಿಗೆ ಒಂದು ನಮಸ್ಕಾರ ಹೇಳುವ ಹಾಗೆ ಮಾಡಿಕೊಡಿ."

ನನ್ನ ಹದಿನಾಲ್ಕು ಗುರಿಗಳಲ್ಲಿ ಅದು ಇರಲಿಲ್ಲ.

ಆದರೆ ಇಲ್ಲಿ ಒಂದು ತೊಡಕಿತ್ತು. ಇದನ್ನು ಹೇಳದೆ ಹೋದರೆ ಮನೆಯವರು ಹೇಳಿದ್ದನ್ನೆಲ್ಲ ಮಾಡುವುದೇ ಸೂಕ್ಷ್ಮತೆ ಎಂದಾಗಿಬಿಡುತ್ತದೆ. ಮಿಹೊಗೆ ಮುಖದ ಹತ್ತಿರ ಯಾರೂ ಬರಬಾರದು. ಕೆನ್ನೆ ತಾಗಿದರೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಾನೆ. ಅದನ್ನು ಸಹಿಸುವಂತೆ ತರಬೇತಿ ಕೊಡಬಲ್ಲೆ, ನಮ್ಮಲ್ಲಿ ಅದಕ್ಕೆ ವಿಧಾನಗಳಿವೆ. ಕೊಡುವುದಿಲ್ಲ ಎಂದು ನಿರ್ಧರಿಸಿದೆ. ಮಗು ಮುಖ ತಿರುಗಿಸುವುದೂ ಒಂದು ಉತ್ತರವೇ. ತಾಯಿಯ 'ಸೀ'ಯನ್ನು ತಪ್ಪಾಗಿ ಓದಿದವಳು ಈಗ ಮಗುವಿನ 'ಇಲ್ಲ'ವನ್ನೂ ತಪ್ಪಾಗಿ ಓದುವುದು ಬೇಡ. ಇದನ್ನು ತಾಯಿಗೆ, ಅಜ್ಜಿಗೆ ನೇರವಾಗಿಯೇ ಹೇಳಿದೆ. ಮುತ್ತು ಕೊಡಬೇಕಾದ ಹಿರಿಯರಿಗೆ ದೂರದಿಂದಲೇ ಗೌರವ ಸಲ್ಲಿಸುವ ದಾರಿ ಏನಿದೆ ಎಂದು ನಾನೇ ಅವರನ್ನು ಕೇಳಿದೆ. ಅಜ್ಜಿ ಯೋಚಿಸಿ, ಕೈ ಮುಂದೆ ಚಾಚಿ "ಬುಎನಾಸ್ ತಾರ್ದೆಸ್" ಎಂದರೆ ಸಾಕು, ಮಿಕ್ಕದ್ದನ್ನು ನಾನು ಸಂಭಾಳಿಸುತ್ತೇನೆ ಎಂದರು. ಆ ಮನೆತನದಲ್ಲಿ ಅಜ್ಜಿ ಸಾಕು ಎಂದ ಮೇಲೆ ಎದುರಾಡುವವರಿಲ್ಲ. ಎರಡು ತಿಂಗಳು ನಾನು ತಾಯಿಯ ಸಹಿ ಪಡೆಯುತ್ತಿದ್ದೆ. ತೀರ್ಮಾನ ತೆಗೆದುಕೊಳ್ಳುವವರು ಬೇರೆ ಇದ್ದರು.

ಆಗ ಟ್ಯಾಬ್ಲೆಟ್ಟಿನ ಮರ್ಮವೂ ಬಯಲಾಯಿತು. ಮಿಹೊ ನಮ್ಮ ಕೇಂದ್ರದಲ್ಲಿ 'ಮೋರ್' ಗುಂಡಿ ಒತ್ತಿ ಬೇಕಾದದ್ದನ್ನು ಕೇಳುತ್ತಿದ್ದ, ಮನೆಯಲ್ಲಿ ಮಾತ್ರ ಕಿರುಚುತ್ತಿದ್ದ. ಮನೆಯವರು ಟ್ಯಾಬ್ಲೆಟ್ ಬಳಸುವುದಿಲ್ಲ ಎಂದು ಅದಕ್ಕೂ ಒಂದು ಸಾಲು ಬರೆದಿದ್ದೆ. ಅದು ಇಂಗ್ಲಿಷಿನಲ್ಲಿ ನುಡಿಯುತ್ತಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದು. ಮಗು 'ಮೋರ್' ಎಂದು ಒತ್ತುತ್ತಾನೆ, ಅಜ್ಜಿ ಒಲೆಯ ಕಡೆ ತಿರುಗಿರುತ್ತಾರೆ, ಯಾವುದೋ ಯಂತ್ರದ ಸದ್ದು. ಇನ್ನೆರಡು ಸಲ ಒತ್ತುತ್ತಾನೆ. ಆಮೇಲೆ ಕಿರುಚುತ್ತಾನೆ, ತೊರ್ತಿಯಾ ಬರುತ್ತದೆ. ಕಿರುಚಾಟಕ್ಕೆ ಅನುವಾದ ಬೇಕಿಲ್ಲ. ಕೇಳುವವರು ಸ್ಪಂದಿಸಿದರೆ ಮಾತ್ರ ಮಾತು ಮಾತಾಗಿ ಉಳಿಯುತ್ತದೆ ಎಂದು ವರ್ತನಾ ಮನೋವಿಜ್ಞಾನಿ ಸ್ಕಿನ್ನರ್ 1957ರಷ್ಟು ಹಿಂದೆಯೇ ಬರೆದಿದ್ದರು. ಸ್ಪ್ಯಾನಿಷ್ ಮನೆಮಾತಿನ ಆಟಿಸಂ ಮಗುವಿಗೆ ಸ್ಪ್ಯಾನಿಷಿನಲ್ಲೇ ಸೂಚನೆ ಕೊಟ್ಟಾಗ ಸರಿಯುತ್ತರಗಳು ಹೆಚ್ಚಿ, ತೊಂದರೆಯ ವರ್ತನೆ ಇಳಿದದ್ದನ್ನು ರಸೆಲ್ ಲ್ಯಾಂಗ್ ಮತ್ತು ಸಂಗಡಿಗರು 2011ರಲ್ಲೇ ತೋರಿಸಿದ್ದರು. ಗುಂಡಿಯ ಮೇಲಿನ ಪದವನ್ನು 'ಮಾಸ್' ಎಂದು ಬದಲಿಸಲು ನನಗೆ ಹಿಡಿದದ್ದು ಒಂದು ಮಧ್ಯಾಹ್ನ. ದನಿಯನ್ನು ಅಕ್ಕನಿಂದಲೇ ಧ್ವನಿಮುದ್ರಿಸಿಕೊಂಡೆ. ಈ ಕೆಲಸ ಅವಳ ವಯಸ್ಸಿಗೆ ತಕ್ಕದ್ದು, ಖುಷಿಯಿಂದ ಮಾಡಿದಳು.

ಫೋರ್ಕಿನ ಗುರಿಯನ್ನು ತೆಗೆದು ಅದರ ಜಾಗದಲ್ಲಿ ತೊರ್ತಿಯಾ ಹರಿಯುವುದನ್ನು ಬರೆದೆ. ಒಂದು ಕೈಯಲ್ಲಿ ಒತ್ತಿ ಹಿಡಿ, ಇನ್ನೊಂದರಿಂದ ಹರಿ, ತುಂಡನ್ನು ದೋಣಿಯ ಹಾಗೆ ಮಡಿಸು, ಬೀನ್ಸ್ ಕಾಳನ್ನು ಬಾಚು, ಬಾಯಿಗೆ ಇಡು. ಚಪಾತಿ ತಿನ್ನಲು ಅಮ್ಮ ನನಗೆ ಕಲಿಸಿದ್ದೂ ಇದೇ ಐದು ಹೆಜ್ಜೆಗಳನ್ನು. ಬೆರಳುಗಳ ಸೂಕ್ಷ್ಮ ಚಲನೆ, ಎರಡು ಕೈಗಳ ಹೊಂದಾಣಿಕೆ, ಫೋರ್ಕಿನಿಂದ ಬರಬೇಕಾದದ್ದೆಲ್ಲ ಇದರಲ್ಲೂ ಬರುತ್ತದೆ. ಹಾಗೆ ನೋಡಿದರೆ ಅಜ್ಜಿ ಈ ಮೊದಲೇ ಅರ್ಧ ಕಲಿಸಿದ್ದರು: ತುತ್ತು ಸಿದ್ಧಮಾಡಿ ಕೈಗೆ ಕೊಟ್ಟು ಬಾಯಿಗಿಡುವ ಕೊನೆಯ ಹೆಜ್ಜೆಯನ್ನಷ್ಟೇ ಅವನಿಂದ ಆಗಾಗ ಮಾಡಿಸುತ್ತಿದ್ದರು. ಕೊನೆಯಿಂದ ಹಿಂದಕ್ಕೆ ಕಲಿಸುತ್ತಾ ಬರುವ ಈ ಕ್ರಮ ನಮ್ಮ ಪಠ್ಯದಲ್ಲಿದೆ. ಅದನ್ನೇ ನಾನು 'ಅವಲಂಬನೆಯನ್ನು ಹೆಚ್ಚಿಸುತ್ತಿದ್ದಾರೆ' ಎಂದು ಕಡತದಲ್ಲಿ ದಾಖಲಿಸಿದ್ದೆ. ವಿಮೆಯವರು ಸುಮ್ಮನಿರಲಿಲ್ಲ, ತೊರ್ತಿಯಾ ಹರಿಯುವುದರಲ್ಲಿ ವೈದ್ಯಕೀಯ ಅಗತ್ಯ ಏನಿದೆ ಎಂದು ಕೇಳಿದರು. ಫೋರ್ಕ್ ಹಿಡಿಯುವುದರಲ್ಲಿ ಏನಿತ್ತೋ ಅದೇ ಎಂದು ಉತ್ತರ ಬರೆದೆ, ಸ್ವಲ್ಪ ಮೃದುವಾದ ಮಾತುಗಳಲ್ಲಿ. ಮಂಜೂರಾಯಿತು.

ನನ್ನ ಊರಿನ ಅನುಭವ ಎಲ್ಲ ಕಡೆ ಕೈ ಹಿಡಿಯಿತು ಎಂದುಕೊಳ್ಳಬೇಡಿ. ಕೆಲವು ಕಡೆ ಅದೇ ಕಾಲಿಗೆ ತೊಡರಿತು. ಎಬಿಎಯಲ್ಲಿ ಹೊಗಳಿಕೆ ನಮ್ಮ ದಿನಸಿ. ಮಗು ಸಣ್ಣದನ್ನು ಸಾಧಿಸಿದರೂ ಕೂಡಲೇ, ಮನಸಾರೆ, ಏನು ಚೆನ್ನಾಯಿತೆಂದು ಹೆಸರಿಸಿ ಹೊಗಳಬೇಕು. ನಾನು ಹೊಗಳಿದಾಗಲೆಲ್ಲ ಅಜ್ಜಿ ಮುಜುಗರದಿಂದ ಮಿಸುಕಾಡುತ್ತಿದ್ದರು. ದೃಷ್ಟಿಯ ಭಯ ಎಂದು ಊಹಿಸಿದೆ, ಊಹೆ ಸರಿಯೇ ಇತ್ತು. ಅವರು ಅದನ್ನು 'ಮಾಲ್ ದೆ ಓಹೊ' ಎನ್ನುತ್ತಾರೆ. ದೃಷ್ಟಿಗೆ ನನಗೆ ಗೊತ್ತಿದ್ದ ಉಪಾಯ ಹೊಗಳಿಕೆಯನ್ನು ಕಡಿಮೆ ಮಾಡುವುದು, ದೂರ ಇರುವುದು. ದೂರ ಕೂತು ಮೆಲ್ಲಗೆ ಹೊಗಳತೊಡಗಿದೆ. ಅಜ್ಜಿಯ ಕಳವಳ ಇನ್ನೂ ಹೆಚ್ಚಾಯಿತು. ಅವರಲ್ಲಿ ದೃಷ್ಟಿ ತಾಗುವುದು ಮೆಚ್ಚಿ ಮುಟ್ಟದೆ ಹೋದರೆ! ಮಗುವನ್ನು ಹೊಗಳಿದವರು ಅದನ್ನು ಒಮ್ಮೆ ಮುಟ್ಟಬೇಕು, ಆಗ ದೋಷ ಕಳೆಯುತ್ತದೆ. ನಾನು ನಮ್ಮೂರಿನ ಪರಿಹಾರವನ್ನು ಅವರೂರಿನ ಕಾಯಿಲೆಗೆ ಕೊಡುತ್ತಿದ್ದೆ. ಈಗ ಹೊಗಳಿದ ಮೇಲೆ ಮಿಹೊನ ಅಂಗೈಗೆ ನನ್ನ ಅಂಗೈ ತಟ್ಟುತ್ತೇನೆ. ಅವನಿಗೆ ಅದು ಇಷ್ಟ, ಅಜ್ಜಿಗೆ ಸಮಾಧಾನ.

ಇದಕ್ಕಿಂತ ದೊಡ್ಡ ಪಾಠ ಆ ಚಳಿಗಾಲದಲ್ಲಿ ಇನ್ನೊಂದು ಮನೆಯಲ್ಲಿ ಸಿಕ್ಕಿತು. ಹೊಸ ಕುಟುಂಬ, ಮೆಕ್ಸಿಕೊದ ಒಅಹಾಕಾ ಪ್ರಾಂತ್ಯದವರು. ನನಗೆ ಬುದ್ಧಿ ಬಂದಿತ್ತಲ್ಲ, ಮೊದಲ ದಿನವೇ ಸ್ಪ್ಯಾನಿಷ್ ದುಭಾಷಿಯನ್ನು ಕರೆದುಕೊಂಡು ಹೋದೆ. ತಾಯಿ ಎಲ್ಲದಕ್ಕೂ "ಸೀ" ಎಂದರು. ಈ ಸಲ ಆ 'ಸೀ' ನನಗೆ ಚುಚ್ಚಿತು. ದುಭಾಷಿಯೇ ಪಿಸುಗುಟ್ಟಿದರು: "ಇವರ ಮಾತು ಸ್ಪ್ಯಾನಿಷ್ ಅಲ್ಲ, ಮಿಶ್ತೆಕೊ." ಸ್ಪ್ಯಾನಿಷರು ಅಲ್ಲಿಗೆ ಕಾಲಿಡುವುದಕ್ಕೂ ಮುಂಚಿನಿಂದ ಆ ಬೆಟ್ಟಗಳಲ್ಲಿ ಆಡುತ್ತಿದ್ದ ಭಾಷೆ. ಸ್ವರ ಏರಿಳಿದರೆ ಅರ್ಥ ಬದಲಾಗುತ್ತದೆ, ಊರಿಂದೂರಿಗೆ ರೂಪವೂ ಬದಲಾಗುತ್ತದೆ. ಈ ಕಣಿವೆಯ ಹೊಲಗಳಲ್ಲಿ ಅದನ್ನಾಡುವವರು ಬಹಳ ಮಂದಿ ಇದ್ದಾರೆ, ನಮ್ಮ ನಮೂನೆಗಳಲ್ಲಿ ಮಾತ್ರ ಎಲ್ಲರೂ 'ಲ್ಯಾಟಿನೊ, ಭಾಷೆ ಸ್ಪ್ಯಾನಿಷ್'. "ಇಂಡಿಯಾದವರಲ್ಲವೇ, ಹಿಂದಿ ಬರುತ್ತದಲ್ಲ" ಎಂದು ಇಲ್ಲಿ ಎಷ್ಟು ಜನ ನನ್ನನ್ನು ಕೇಳಿಲ್ಲ, ಎಷ್ಟು ಸಲ ನಾನು ಉರಿದುಬಿದ್ದಿಲ್ಲ! ನಾನು ಮಾಡಿದ್ದೂ ಅದನ್ನೇ. ಮಿಶ್ತೆಕೊ ದುಭಾಷಿ ಸಿಗಲು ಐದು ವಾರ ಹಿಡಿಯಿತು, ಅದೂ ಫೋನಿನಲ್ಲಿ. ಕಾದೆವು. ಆ ಐದು ವಾರ ಆ ತಾಯಿಯ ಯಾವ ಸಹಿಯನ್ನೂ ನಾನು ಪಡೆಯಲಿಲ್ಲ.

ತಮಾಲೆಯ ವಿಷಯ ಚಿಕ್ಕದು, ಆದರೆ ಕೇಳಿದವರು ನಗುತ್ತಾರೆ. ನಾನು ಕೆಲಸಕ್ಕೆ ಸೇರಿದ 2019ರಲ್ಲಿ ಜಾರಿಯಲ್ಲಿದ್ದ ಹಳೆಯ ಸಂಹಿತೆ ಉಡುಗೊರೆಯನ್ನು ಪೂರ್ತಿಯಾಗಿ ನಿಷೇಧಿಸಿತ್ತು. ಆ ಕ್ರಿಸ್‌ಮಸ್‌ಗೆ ಒಂದು ಮನೆಯವರು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆಗಳನ್ನು ಕೊಡಲು ಬಂದಾಗ ನಿಯಮ ಓದಿ ಹೇಳಿ ಹಿಂದಿರುಗಿಸಿದ್ದೆ. ಇಡೀ ಮನೆಯ ಹೆಂಗಸರು ಒಟ್ಟಿಗೆ ಕೂತು ಇಡೀ ದಿನ ಮಾಡುವ ತಿಂಡಿ ಅದು, ನಮ್ಮಲ್ಲಿ ಗೌರಿ ಹಬ್ಬದ ಕಡುಬು ಹಂಚುವ ಹಾಗೆ ಹಂಚುವುದು. ಆ ಮನೆಯವರು ಮುಂದಿನ ತಿಂಗಳು ಬೇರೆ ವಿಶ್ಲೇಷಕರನ್ನು ಕೇಳಿದರು, ಕಾರಣ ಹೇಳಲಿಲ್ಲ. 2022ರ ಸಂಹಿತೆ ಹತ್ತು ಡಾಲರ್ ಮೀರದ, ಅಪರೂಪಕ್ಕೊಮ್ಮೆ ಕೃತಜ್ಞತೆಗೆಂದು ಕೊಡುವ ಉಡುಗೊರೆಗೆ ಅವಕಾಶ ಕೊಟ್ಟಿತು. ಮಿಹೊನ ಅಜ್ಜಿ ಡಿಸೆಂಬರಿನಲ್ಲಿ ಎರಡು ಡಜನ್ ಕಟ್ಟಿಕೊಟ್ಟರು. ಹತ್ತು ಡಾಲರಿಗೆ ಎಷ್ಟು ತಮಾಲೆ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ನಿಂತದ್ದನ್ನು ನೋಡಿ, ಹಸಿವಾಗಿದೆ ಎಂದುಕೊಂಡು, ಅಲ್ಲೇ ಕೂರಿಸಿ ಎರಡನ್ನು ತಟ್ಟೆಗೆ ಹಾಕಿದರು. ಅಲ್ಲೇ ತಿಂದೆ. ಇನ್ನೆರಡನ್ನು ಕಾಗದದಲ್ಲಿ ಸುತ್ತಿಸಿಕೊಂಡೆ. ಕಡತದಲ್ಲಿ ಬರೆದೆ: ನಾಲ್ಕು.

ಡೇಟಾ ಹಾಳೆಗಳನ್ನು ಆ ಮನೆಯಲ್ಲಿ ಕೊನೆಗೂ ಯಾರೂ ತುಂಬಲಿಲ್ಲ. ನಾನೂ ಕೇಳುವುದನ್ನು ಬಿಟ್ಟೆ. ಮರುವರ್ಷದ ಮಾರ್ಚಿನಲ್ಲಿ ಒಂದು ನಾಮಕರಣದ ಊಟ ಮುಗಿದ ಮಂಗಳವಾರ ಹೋದಾಗ, ತಾಯಿ ನನ್ನನ್ನು ಅಡುಗೆಮನೆಗೆ ಕರೆದರು. ಗೋಡೆಯಲ್ಲಿ ಮಾಂಸದಂಗಡಿಯವರು ಹಂಚಿದ ಕ್ಯಾಲೆಂಡರ್ ತೂಗುತ್ತಿತ್ತು, ಮೇಲೆ ಗ್ವಾದಲೂಪೆಯ ಮೇರಿ ಮಾತೆಯ ಚಿತ್ರ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ, ಜನವರಿಯಿಂದಲೂ ಚೌಕಗಳ ತುಂಬ ಪೆನ್ಸಿಲಿನ ಗೀಟುಗಳು. ಭಾನುವಾರದ ಚೌಕದಲ್ಲಿ ಏಳು ಗೀಟು, ಪಕ್ಕದಲ್ಲಿ ಹನ್ನೊಂದು ಎಂದು ಬರೆದು ಸುತ್ತು ಹಾಕಿತ್ತು. ಬಂದವರು ಹನ್ನೊಂದು ಜನ. ಮಿಹೊ ಕೈ ಚಾಚಿ, ಗುಂಡಿ ಒತ್ತಿ ನಮಸ್ಕಾರ ಹೇಳಿದ್ದು ಏಳು ಜನರಿಗೆ. ಉಳಿದ ನಾಲ್ವರ ಹೆಸರುಗಳನ್ನು ತಾಯಿ ಕೆಳಗೆ ಸಣ್ಣದಾಗಿ ಬರೆದಿದ್ದರು, ಎದುರಿಗೆ ಒಂದೇ ಪದ: ಮೀಸೆ.